ಮಾಡಿದ್ದು ಸಾಕಾಗುತ್ತದೆಯೇ? ನಂಬಿಕೆ, ಕ್ರಿಯೆ, ಇಚ್ಛಾಸ್ವಾತಂತ್ರ್ಯ ಕುರಿತ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಧಾರವಾಡದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವಳು. ಮದುವೆಯಾಗಿ ಮೈಸೂರಿನ ಕಥೋಲಿಕ ಮನೆ ಸೇರಿದ್ದೇನೆ. ‘ನಂಬಿಕೆಯೊಂದೇ ಸಾಕು’ ಎಂದು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆ. ಇಲ್ಲಿ ಸತ್ಕಾರ್ಯಗಳೂ ಬೇಕು ಅನ್ನುತ್ತಾರೆ. ಬೈಬಲಿನಲ್ಲೇ ಪೌಲ ಒಂದು ಹೇಳುತ್ತಾನೆ, ಯಾಕೋಬ ಇನ್ನೊಂದು ಹೇಳುತ್ತಾನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಬೇರೊಂದು ಸಭೆಗೆ ಹೋಗುತ್ತಾನೆ. ‘ಯಾರಿಗೆ ರಕ್ಷಣೆ ಅನ್ನೋದನ್ನ ದೇವರು ಮೊದಲೇ ಆರಿಸಿಟ್ಟಿದ್ದಾನೆ ಅಕ್ಕಾ’ ಅನ್ನುತ್ತಾನೆ. ಹಾಗಾದರೆ ನಮ್ಮ ಇಚ್ಛೆಗೆ ಬೆಲೆ ಏನು? ವಾದಕ್ಕಾಗಿ ಕೇಳುತ್ತಿಲ್ಲ. ಎಂಬತ್ತು ದಾಟಿದ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ‘ನಾನು ಮಾಡಿದ್ದು ಸಾಕಾಗುತ್ತೇನಮ್ಮಾ?’ ಎಂದು ದಿನಾ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ನಿಮ್ಮ ಅತ್ತೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಉಳಿದವು ಕಾಯಬಹುದು. ಅವರು ಮಾಡಿದ್ದು ಸಾಕಾಗುವುದಿಲ್ಲ. ಯಾರು ಮಾಡಿದ್ದೂ ಸಾಕಾಗುವುದಿಲ್ಲ. ಸಾಕಾಗುವಷ್ಟು ಮಾಡಿ ತನ್ನಿ ಎಂದು ದೇವರು ಕೇಳಿಯೂ ಇಲ್ಲ. ಇದು ಪ್ರಾಟೆಸ್ಟೆಂಟರ ಮಾತು, ಕಥೋಲಿಕ ಮನೆಯಲ್ಲಿ ಹೇಳಬಾರದು ಎಂದು ನೀವು ಹಿಂಜರಿಯಬೇಕಾಗಿಲ್ಲ. ಪ್ರಾಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಲೂಥರನಿಗೆ ಉತ್ತರವಾಗಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಈ ವಿಷಯದಲ್ಲಿ 33 ಖಂಡನೆಗಳನ್ನು ಹೊರಡಿಸಿತು. ಅವುಗಳಲ್ಲಿ ಮೊಟ್ಟಮೊದಲನೆಯದು ಲೂಥರನ ವಿರುದ್ಧ ಅಲ್ಲ. ಕ್ರಿಸ್ತನ ಕೃಪೆಯಿಲ್ಲದೆ ಮನುಷ್ಯ ತನ್ನ ಕೆಲಸಗಳಿಂದಲೇ ದೇವರ ಮುಂದೆ ನೀತಿವಂತನಾಗಬಲ್ಲ ಎನ್ನುವವರ ವಿರುದ್ಧ. ಅದೇ ತೀರ್ಪಿನ ಎಂಟನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ಈ ಕೃಪೆಗೆ ಮುಂಚೆ ಮನುಷ್ಯನಲ್ಲಿ ಇರುವ ಯಾವುದೂ, ನಂಬಿಕೆಯಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಿಕೊಡುವುದಿಲ್ಲ. ಅಂದರೆ ನಿಮ್ಮ ತವರಿನ ಸಭೆ, ಗಂಡನ ಮನೆಯ ಧರ್ಮಸಭೆ ಎರಡೂ ಒಂದೇ ನೆಲದ ಮೇಲೆ ನಿಂತು ಮಾತು ಶುರುಮಾಡುತ್ತವೆ. ವ್ಯತ್ಯಾಸಗಳು ನಿಜವೇ, ಆದರೆ ಅವು ಬರುವುದು ಆಮೇಲೆ.

ಈ ಜಗಳದಲ್ಲಿ ಪದಗಳ ಪಾಲು ದೊಡ್ಡದು. ಕನ್ನಡದಲ್ಲಿ ಓದುವವರಿಗೆ ಅದು ಇನ್ನೊಂದಿಷ್ಟು ಹೆಚ್ಚು. ಬಹುಕಾಲದಿಂದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದುವ ಕನ್ನಡ ಬೈಬಲಿನಲ್ಲಿ ಗಲಾತ್ಯ 2:16 ತೆರೆದು ನೋಡಿ. ‘ನೇಮನಿಷ್ಠೆ’ ಎಂಬ ಮಾತು ಸಿಗುತ್ತದೆ. ಯಾಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಸಿಗುವುದು ‘ಕ್ರಿಯೆ’. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಇರುವುದು ‘ಎರ್ಗಾ’ ಎಂಬ ಒಂದೇ ಪದ. ಪೌಲ ಆ ಪದಕ್ಕೆ ‘ಧರ್ಮಶಾಸ್ತ್ರದ’ (ಎಂದರೆ ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ನಿಯಮಗಳ) ಎಂಬ ವಿಶೇಷಣ ಸೇರಿಸುತ್ತಾನೆ, ಯಾಕೋಬ ಸೇರಿಸುವುದಿಲ್ಲ. ಅನುವಾದಕರು ಆ ವ್ಯತ್ಯಾಸವನ್ನು ಗುರುತಿಸಿ ಎರಡು ಪದ ಬಳಸಿದ್ದಾರೆ. ಅರ್ಥದ ದೃಷ್ಟಿಯಿಂದ ಅದು ಒಳ್ಳೆಯ ಕೆಲಸವೇ. ಆದರೆ ಇಬ್ಬರೂ ಒಂದೇ ಪದ ಹಿಡಿದು ಮಾತಾಡುತ್ತಿದ್ದಾರೆ ಎಂಬ ಸುಳಿವು ಕನ್ನಡ ಓದುಗರಿಗೆ ಸಿಗದೆ ಹೋಗುತ್ತದೆ.

ಇನ್ನು ‘ನೀತಿವಂತನೆಂದು ನಿರ್ಣಯಿಸಲ್ಪಡುವುದು’ ಎಂಬ ಮಾತು. ಇದು ನ್ಯಾಯಾಲಯದ ಭಾಷೆ: ನ್ಯಾಯಾಧೀಶ ತೀರ್ಪು ಕೊಡುತ್ತಾನೆ, ಆರೋಪಿ ಬಿಡುಗಡೆಯಾಗುತ್ತಾನೆ. ಗ್ರೀಕ್ ಕ್ರಿಯಾಪದದ ಧ್ವನಿ ಹಾಗೆಯೇ ಇದೆ. ಅದು ಲ್ಯಾಟಿನ್‌ಗೆ ಹೋದಾಗ ‘ನೀತಿವಂತನನ್ನಾಗಿ ಮಾಡುವುದು’ ಎಂಬ ಅರ್ಥಕ್ಕೂ ಜಾಗ ಸಿಕ್ಕಿತು. ಆದಿಕಾಲದ ಸಭೆಯ ಬಿಷಪ್ ಅಗಸ್ಟೀನ್ ಹಾಗೇ ಓದಿದ, ಪಶ್ಚಿಮದ ಕ್ರೈಸ್ತರು ಸಾವಿರ ವರ್ಷ ಹಾಗೇ ಓದಿದರು. ನಿಮ್ಮ ಗಂಡನ ಮನೆಯಲ್ಲಿ ಈಚಿನ ಸರಳ ಕನ್ನಡ ಅನುವಾದವಿದ್ದರೆ ರೋಮ 1:17 ನೋಡಿ. ಅಲ್ಲಿ ‘ದೇವರೊಡನೆ ಸತ್ಸಂಬಂಧ’ ಎಂಬ ಮಾತಿದೆ, ‘ನಂಬಿಕೆ’ಯ ಬದಲು ‘ವಿಶ್ವಾಸ’ ಇದೆ. ತೀರ್ಪು, ಬದಲಾವಣೆ, ಸಂಬಂಧ ಇವು ಒಂದೇ ಮೂಲಪದದ ಮೂರು ಓದುಗಳು. ಒಬ್ಬರು ತೀರ್ಪಿನ ಬಗ್ಗೆ, ಇನ್ನೊಬ್ಬರು ಬದಲಾವಣೆಯ ಬಗ್ಗೆ ಮಾತಾಡುತ್ತಾ ವಾದಿಸಿದರೆ ಆ ವಾದ ಎಂದೂ ಮುಗಿಯುವುದಿಲ್ಲ.

‘ಪುಣ್ಯ’, ‘ಹಣೆಬರಹ’ ಎಂಬ ಎರಡು ಪದಗಳಲ್ಲೂ ಎಚ್ಚರ ಬೇಕು. ನಮ್ಮ ನುಡಿಯಲ್ಲಿ ಪುಣ್ಯ ಎಂದರೆ ಕೂಡಿಡಬಹುದಾದದ್ದು, ಪಾಪದ ಎದುರು ತೂಗಬಹುದಾದದ್ದು. ಪೌಲನ ಕೃಪೆಗೂ ಕಥೋಲಿಕ ಪ್ರಾರ್ಥನೆಗಳ ವರಪ್ರಸಾದಕ್ಕೂ ಆ ತಕ್ಕಡಿ ಹೊಂದುವುದಿಲ್ಲ. ಹಣೆಬರಹದ ವಿಷಯ ನಿಮ್ಮ ತಮ್ಮನ ಪ್ರಶ್ನೆಗೆ ಬಂದಾಗ ನೋಡೋಣ.

ಈಗ ಪೌಲ ಮತ್ತು ಯಾಕೋಬ. ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಇಬ್ಬರೂ ಆದಿಕಾಂಡ 15:6ನ್ನೇ ಎತ್ತುತ್ತಾರೆ: ಅಬ್ರಹಾಮನು ನಂಬಿದನು, ಅದು ಅವನ ಪಾಲಿಗೆ ನೀತಿಯೆಂದು ಎಣಿಕೆಯಾಯಿತು. ವಿರೋಧವೆಂದು ಕಾಣುವುದು ಕರಗುವುದು ಅಬ್ರಹಾಮನ ವಯಸ್ಸನ್ನು ಲೆಕ್ಕ ಹಾಕಿದಾಗ. ಅವನು ಖಾರಾನ್ ಬಿಟ್ಟು ಹೊರಟಾಗ 75 ವರ್ಷ (ಆದಿ 12:4). ಇಷ್ಮಾಯೇಲ್ ಹುಟ್ಟಿದಾಗ 86 (16:16). ಸುನ್ನತಿಯಾದಾಗ 99 (17:24). ಇಸಾಕ ಹುಟ್ಟಿದಾಗ 100 (21:5). ‘ನಂಬಿದನು’ ಎಂಬ 15ನೆಯ ಅಧ್ಯಾಯದ ಮಾತು ಇಷ್ಮಾಯೇಲನ ಹುಟ್ಟಿಗಿಂತ ಹಿಂದಿನದು, ಎಂದರೆ ಸುನ್ನತಿಗಿಂತ ಕನಿಷ್ಠ 13 ವರ್ಷ ಮುಂಚಿನದು. ಪೌಲನ ವಾದ ನಿಂತಿರುವುದು ಈ ಅಂತರದ ಮೇಲೆ: ಅಬ್ರಹಾಮ ನೀತಿವಂತನೆಂದು ಎಣಿಕೆಯಾದಾಗ ಸುನ್ನತಿಯೇ ಆಗಿರಲಿಲ್ಲ, ಹಾಗಿರುವಾಗ ಅನ್ಯಜನರಿಂದ, ಎಂದರೆ ಯೆಹೂದ್ಯರಲ್ಲದವರಿಂದ, ಅದನ್ನು ಕೇಳುವುದೇಕೆ (ರೋಮ 4:10)? ಯಾಕೋಬ ಎತ್ತುವುದು 22ನೆಯ ಅಧ್ಯಾಯವನ್ನು. ಅಲ್ಲಿ ಇಸಾಕ ಹುಟ್ಟಿ, ಸೌದೆಯ ಹೊರೆ ಹೊರುವಷ್ಟು ಬೆಳೆದಿದ್ದಾನೆ. ಅವನನ್ನು ಅರ್ಪಿಸಲು ಹೊರಟಾಗ, ಅಂದು ನಂಬಿದ ಆ ನಂಬಿಕೆ ಎಂಥದ್ದೆಂದು ಬೆಳಕಿಗೆ ಬಂತು, ‘ನಂಬಿದನು’ ಎಂಬ ಮಾತು ನೆರವೇರಿತು ಎನ್ನುತ್ತಾನೆ ಯಾಕೋಬ (2:22-23). ಪೌಲ ಕೇಳುವುದು ಬಾಗಿಲು ಹೇಗೆ ತೆರೆಯಿತು ಎಂದು. ಯಾಕೋಬ ಕೇಳುವುದು ಒಳಗೆ ಜೀವವಿದೆಯೇ ಎಂದು.

ಅವರ ಎದುರಾಳಿಗಳೂ ಬೇರೆ. ಪೌಲನ ಎದುರು ನಿಂತವರು, ಅನ್ಯಜನರು ಕ್ರಿಸ್ತನನ್ನು ಸೇರಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಳ್ಳಲಿ ಎನ್ನುವವರು. ಯಾಕೋಬನ ಎದುರಿಗಿರುವವನು, ಬಟ್ಟೆಯಿಲ್ಲದ ಹಸಿದ ಸಹೋದರನಿಗೆ ‘ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಎಂದು ಹೇಳಿ ಬರಿಗೈಯಲ್ಲಿ ಕಳಿಸುವವನು (2:15-16). 1977ರಲ್ಲಿ ಬೈಬಲ್ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ ಅವರ ಪೌಲನ ಕುರಿತ ಅಧ್ಯಯನ ಬಂದ ಮೇಲೆ ಹಲವು ವಿದ್ವಾಂಸರು, ಪೌಲನ ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂದರೆ ಮುಖ್ಯವಾಗಿ ಸುನ್ನತಿ, ಊಟದ ನಿಯಮ, ಸಬ್ಬತ್ ಎಂಬ ವಾರದ ವಿಶ್ರಾಂತಿದಿನ, ಇಂಥ ಯೆಹೂದ್ಯರ ಗುರುತುಗಳೇ ಎಂದು ವಾದಿಸಿದ್ದಾರೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ತಿ ಒಪ್ಪಲಾಗದು. ರೋಮ 4:4-5ರಲ್ಲಿ ಪೌಲ ಕೆಲಸ ಮಾಡಿದವನ ಕೂಲಿಯ ಹೋಲಿಕೆ ಕೊಡುತ್ತಾನೆ. ಕೂಲಿ ದಾನವಲ್ಲ, ಕೊಡಲೇಬೇಕಾದ ಸಾಲ. ಅಲ್ಲಿ ಅವನ ಮಾತು ಸುನ್ನತಿಯನ್ನು ದಾಟಿ, ದೇವರನ್ನು ಸಾಲಗಾರನನ್ನಾಗಿ ಮಾಡಲು ನೋಡುವ ಯಾವ ಪ್ರಯತ್ನಕ್ಕೂ ತಗಲುತ್ತದೆ.

‘ನಂಬಿಕೆಯೊಂದೇ’ ಎಂಬ ಪದಜೋಡಣೆಯ ಕಥೆಯನ್ನೂ ತಿಳಿದಿರಬೇಕು. ‘ನಂಬಿಕೆ ಮಾತ್ರದಿಂದ’ ಎಂಬ ಮಾತು ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದೇ ಕಡೆ ಬರುತ್ತದೆ, ಅದೂ ಯಾಕೋಬ 2:24ರಲ್ಲಿ, ‘ಅಲ್ಲ’ ಎಂಬುದರ ಜೊತೆಗೆ. ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮ 3:28ಕ್ಕೆ ‘ಮಾತ್ರ’ ಸೇರಿಸಿದ. ಟೀಕೆ ಬಂದಾಗ 1530ರಲ್ಲಿ ಒಂದು ಬಹಿರಂಗ ಪತ್ರ ಬರೆದು, ಜರ್ಮನ್ ನುಡಿಗಟ್ಟು ಅದನ್ನು ಕೇಳುತ್ತದೆ, ಪೌಲನ ಅರ್ಥವೂ ಅದೇ ಎಂದು ಸಮರ್ಥಿಸಿಕೊಂಡ. ಆದರೆ ಅದೇ 1522ರ ರೋಮ ಪತ್ರದ ಮುನ್ನುಡಿಯಲ್ಲಿ ಅವನು ಬರೆದದ್ದನ್ನು ಅವನ ಅನುಯಾಯಿಗಳೂ ವಿರೋಧಿಗಳೂ ಮರೆತುಬಿಡುತ್ತಾರೆ. ನಂಬಿಕೆ ಸುಮ್ಮನೆ ಕೂರಲಾರದು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮೊದಲೇ ಮಾಡಿ ಮುಗಿಸಿರುತ್ತದೆ, ಬೆಂಕಿಯಿಂದ ಬಿಸಿ ಬೆಳಕುಗಳನ್ನು ಬೇರ್ಪಡಿಸಲಾಗದು ಎನ್ನುತ್ತಾನೆ. ಅವನ ನಂತರ ಲೂಥರನ್ನರ ನಡುವೆಯೇ ಜಗಳವಾಯಿತು. ಗೆಯಾರ್ಗ್ ಮೇಯರ್ ‘ರಕ್ಷಣೆಗೆ ಸತ್ಕ್ರಿಯೆ ಅಗತ್ಯ’ ಎಂದ. ಆಮ್ಸ್‌ಡಾರ್ಫ್ ಎದುರಾಗಿ ‘ಸತ್ಕ್ರಿಯೆ ರಕ್ಷಣೆಗೆ ಹಾನಿಕರ’ ಎಂದೇಬಿಟ್ಟ. 1577ರಲ್ಲಿ ಲೂಥರನ್ನರು ಹೊರಡಿಸಿದ ಸಮನ್ವಯ ಸೂತ್ರ ಎರಡನ್ನೂ ತಳ್ಳಿಹಾಕಿತು. ಕ್ರಿಯೆಗಳಿಂದ ರಕ್ಷಣೆಯಿಲ್ಲ, ಆದರೆ ರಕ್ಷಣೆ ಹೊಂದಿದವನಲ್ಲಿ ಕ್ರಿಯೆ ಇರಬೇಕು ಎಂಬುದು ಅದರ ನಿಲುವು.

ಹಾಗಾದರೆ ಯಾವ ನಂಬಿಕೆ? ಹಳೆಯ ದೇವಶಾಸ್ತ್ರಜ್ಞರು ಅದರಲ್ಲಿ ಮೂರು ಪದರ ಗುರುತಿಸುತ್ತಾರೆ: ವಿಷಯ ತಿಳಿದಿರುವುದು, ಅದು ನಿಜವೆಂದು ಒಪ್ಪುವುದು, ಹೇಳಿದವನ ಮೇಲೆ ಭಾರ ಹಾಕುವುದು. ‘ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ’ ಎಂದು ಯಾಕೋಬ ಹೇಳುವಾಗ (2:19) ಮೊದಲ ಎರಡು ಪದರಗಳಿವೆ, ಮೂರನೆಯದಿಲ್ಲ. ಪೌಲ ‘ನಂಬಿಕೆ’ ಎಂದಾಗ ಮೂರೂ ಇರುತ್ತವೆ. ಗಲಾತ್ಯ 5:6ರಲ್ಲಿ ಅವನೇ ಅದನ್ನು ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ ಎನ್ನುತ್ತಾನೆ. ಈ ಒಂದು ವಚನವನ್ನು ಕಥೋಲಿಕರೂ ಲೂಥರನ್ನರೂ ಇಬ್ಬರೂ ತಮ್ಮದೆಂದು ಹಿಡಿದುಕೊಳ್ಳುತ್ತಾರೆ.

ಇದೆಲ್ಲ ಜೀವಂತವಾಗಿ ಒಟ್ಟಿಗೆ ಕಾಣುವುದು ಒಂದೇ ಊರಿನಲ್ಲಿ. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯ, ಫಿಲಿಪ್ಪಿ. ಹೊಳೆದಂಡೆಯಲ್ಲಿ ಥುವತೈರದ ಲುದ್ಯ ಎಂಬ ಹೆಣ್ಣುಮಗಳು, ಧೂಮ್ರವರ್ಣದ ಬಟ್ಟೆ ಮಾರುವವಳು, ಪೌಲನ ಮಾತು ಕೇಳುತ್ತಿದ್ದಾಳೆ. ಕರ್ತನು ಅವಳ ಹೃದಯ ತೆರೆದನು ಎನ್ನುತ್ತದೆ ಗ್ರಂಥ. ತೆರೆದವನು ದೇವರು. ಗಮನಕೊಟ್ಟವಳು, ಮನೆಗೆ ಬನ್ನಿ ಎಂದು ಒತ್ತಾಯಿಸಿದವಳು ಅವಳು. ಅದೇ ಅಧ್ಯಾಯದಲ್ಲಿ ಸೆರೆಮನೆಯ ಯಜಮಾನ ‘ರಕ್ಷಣೆ ಹೊಂದಲು ನಾನೇನು ಮಾಡಬೇಕು?’ ಎಂದು ಕೇಳುತ್ತಾನೆ. ಉತ್ತರ ‘ಕರ್ತನಾದ ಯೇಸುವನ್ನು ನಂಬು’ ಎಂಬ ಆಜ್ಞೆ, ಎಂದರೆ ಇಚ್ಛೆಗೆ ಕೊಟ್ಟ ಕರೆ. ಅವನು ದೀಕ್ಷಾಸ್ನಾನಕ್ಕೆ ಮುಂಚೆ ಪುಣ್ಯ ಕೂಡಿಹಾಕಲಿಲ್ಲ, ಸಮಯವೂ ಇರಲಿಲ್ಲ. ಆದರೆ ಅದೇ ರಾತ್ರಿ, ಅದೇ ಗಳಿಗೆಯಲ್ಲಿ ಕೈದಿಗಳ ಗಾಯ ತೊಳೆದ, ಊಟ ಬಡಿಸಿದ. ಮುಂದೆ ಅದೇ ಊರಿನ ಸಭೆಗೆ ಪೌಲ ಬರೆಯುತ್ತಾನೆ: ಭಯದಿಂದ ನಡುಗುತ್ತಾ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ, ಏಕೆಂದರೆ ಇಚ್ಛೆಯನ್ನೂ ಕಾರ್ಯವನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ (ಫಿಲಿಪ್ಪಿ 2:12-13). ಅಲ್ಲಿರುವ ‘ಏಕೆಂದರೆ’ಯನ್ನು ಬಿಟ್ಟು ಓದಬೇಡಿ. ದೇವರು ಅರ್ಧ ಮಾಡಿದ್ದಾನೆ, ಉಳಿದರ್ಧ ನೀವು ಮಾಡಿ ಎಂದು ಪೌಲ ಹೇಳುತ್ತಿಲ್ಲ. ದೇವರು ಒಳಗೆ ಕೆಲಸ ಮಾಡುತ್ತಿರುವುದರಿಂದಲೇ ನಿಮ್ಮ ಕೆಲಸ ಸಾಧ್ಯ ಎನ್ನುತ್ತಿದ್ದಾನೆ.

ಇಚ್ಛಾಸ್ವಾತಂತ್ರ್ಯದ ಪ್ರಶ್ನೆ ಹುಟ್ಟಿದ್ದು ಇಲ್ಲೇ. ಐದನೆಯ ಶತಮಾನದ ಆರಂಭದ ರೋಮಿನಲ್ಲಿ ಪೆಲೇಜಿಯಸ್ ಎಂಬ ಬ್ರಿಟನ್ ಮೂಲದ ಕಟ್ಟುನಿಟ್ಟಿನ ಬೋಧಕನಿದ್ದ. ‘ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ ಅಗಸ್ಟೀನನ ಪ್ರಾರ್ಥನೆ ಕೇಳಿ ಅವನಿಗೆ ಸಿಟ್ಟು ಬಂತು. ಹೀಗೆ ಹೇಳಿಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ದೇವರು ಆಜ್ಞೆ ಕೊಟ್ಟಿದ್ದಾನೆಂದರೆ ಮಾಡುವ ಶಕ್ತಿ ನಮ್ಮಲ್ಲಿದೆ ಎಂದೇ ಅರ್ಥ ಎಂಬುದು ಅವನ ವಾದ. ಅವನ ಕಾಳಜಿ ಕೆಟ್ಟದ್ದಲ್ಲ. ಆದರೆ ಅವನ ದಾರಿ ಹಿಡಿದರೆ ಕ್ರಿಸ್ತ ಒಳ್ಳೆಯ ಮಾದರಿಯಾಗಿ ಉಳಿಯುತ್ತಾನೆ, ರಕ್ಷಕನಾಗಿ ಅಲ್ಲ. 418ರಲ್ಲಿ ಕಾರ್ಥೇಜಿನ ಸಭೆ ಅದನ್ನು ಖಂಡಿಸಿತು. ಮುಂದೆ ದಕ್ಷಿಣ ಗಾಲಿನ (ಇಂದಿನ ಫ್ರಾನ್ಸಿನ) ಕೆಲವು ಸನ್ಯಾಸಿಗಳು ನಡುದಾರಿಯೊಂದನ್ನು ಹುಡುಕಿದರು: ಮೊದಲ ಹೆಜ್ಜೆ ಕೆಲವೊಮ್ಮೆ ನಮ್ಮದು, ಮುಂದಿನದು ಕೃಪೆಯದು. 529ರಲ್ಲಿ ಆರಾಂಜ್ ಸಭೆ 25 ಕಟ್ಟಳೆಗಳಲ್ಲಿ ಅದನ್ನೂ ಒಪ್ಪದೆ, ನಂಬಿಕೆಯ ಮೊದಲ ಚಿಗುರೂ ಕೃಪೆಯಿಂದಲೇ ಎಂದಿತು. ಅದೇ ಸಭೆ, ದೇವರು ಯಾರನ್ನಾದರೂ ಕೇಡಿಗೇ ನೇಮಿಸಿದ್ದಾನೆ ಎನ್ನುವವರನ್ನು ಅಷ್ಟೇ ಗಟ್ಟಿಯಾಗಿ ಶಪಿಸಿತು. ಈ ಎರಡನೆಯ ಮಾತನ್ನು ನಿಮ್ಮ ತಮ್ಮನಿಗೆ ತಿಳಿಸಿ.

ಇಚ್ಛೆ ಸ್ವತಂತ್ರವೇ ಎಂದು ಕೇಳುವ ಮುಂಚೆ ಯಾವುದರಲ್ಲಿ ಎಂದು ಕೇಳಬೇಕು. ಮದುವೆ, ಉದ್ಯೋಗ, ಮನೆ ಕಟ್ಟುವುದು, ನೆರೆಯವನಿಗೆ ನ್ಯಾಯವಾಗಿ ನಡೆದುಕೊಳ್ಳುವುದು, ಇವುಗಳಲ್ಲಿ ಮನುಷ್ಯನಿಗೆ ಆಯ್ಕೆಯಿದೆ. ಇದನ್ನು ಲೂಥರನ್ನರ 1530ರ ಆಗ್ಸ್‌ಬರ್ಗ್ ಒಪ್ಪಿಗೆ ಎಂಬ ನಂಬಿಕೆಯ ಘೋಷಣೆಯ 18ನೆಯ ಪ್ರಕರಣವೂ ಹೇಳುತ್ತದೆ. ವಾದವಿರುವುದು, ದೇವರಿಂದ ಮುಖ ತಿರುಗಿಸಿದ ಮನಸ್ಸು ತಾನಾಗಿಯೇ ಆತನ ಕಡೆ ತಿರುಗಬಲ್ಲದೇ ಎಂಬುದರಲ್ಲಿ. 1524ರಲ್ಲಿ ಕಥೋಲಿಕ ವಿದ್ವಾಂಸ ಎರಾಸ್ಮಸ್ ಲೂಥರನಿಗೆ ಎದುರಾಗಿ ಬರೆಯುತ್ತಾ ಒಂದು ಚಿತ್ರ ಕೊಟ್ಟ: ತಂದೆ ದೂರದಲ್ಲಿ ಸೇಬು ತೋರಿಸುತ್ತಾನೆ, ನಡೆಯಲು ಬಾರದ ಮಗು ಬೀಳುತ್ತಾ ಏಳುತ್ತಾ ಬರುತ್ತದೆ, ತಂದೆ ಕೈಹಿಡಿದು ನಡೆಸಿ ಹಣ್ಣು ಕೊಡುತ್ತಾನೆ. ಮಗುವಿನ ಪಾಲು ಅತ್ಯಲ್ಪ, ಆದರೂ ಇದೆ. ಮರುವರ್ಷದ ಡಿಸೆಂಬರಿನಲ್ಲಿ ಲೂಥರ್ ಕೊಟ್ಟ ಚಿತ್ರ ಬೇರೆ: ಇಚ್ಛೆ ಎರಡು ಸವಾರರ ನಡುವಿನ ಪ್ರಾಣಿ. ದೇವರು ಹತ್ತಿದರೆ ಆತ ಒಯ್ದ ಕಡೆ, ಸೈತಾನ ಹತ್ತಿದರೆ ಅವನು ಒಯ್ದ ಕಡೆ. ಎರಡೂ ಚಿತ್ರಗಳು ನಮಗೆ ಸಾಲದೆನಿಸುತ್ತವೆ. ಎರಾಸ್ಮಸನ ಮಗುವಿನ ಕಾಲುಗಳಿಗೆ ಜೀವವಿದೆ, ಬಲ ಮಾತ್ರ ಸಾಲದು. ಆದರೆ ಎಫೆಸ 2:1 ಹೇಳುವುದು ಪಾಪದಲ್ಲಿ ಸತ್ತವರ ಬಗ್ಗೆ. ಲೂಥರನ ಪ್ರಾಣಿಗೆ ಸವಾರನ ಮೇಲೆ ಪ್ರೀತಿಯೇ ಬೇಕಾಗಿಲ್ಲ. ಕೃಪೆ ಮಾಡುವ ಕೆಲಸವಾದರೋ ಒಲ್ಲದವನನ್ನು ಒಲಿಯುವವನನ್ನಾಗಿ ಮಾಡುವುದು.

ಇವೆರಡಕ್ಕಿಂತ ಸರಿಯಾದ ಚಿತ್ರ ಮಾರ್ಕ 3:5ರಲ್ಲಿದೆ. ಕೈ ಬತ್ತಿಹೋದ ಮನುಷ್ಯನಿಗೆ ಯೇಸು ‘ನಿನ್ನ ಕೈ ಚಾಚು’ ಎನ್ನುತ್ತಾನೆ. ಅವನಿಂದ ಆಗದ ಕೆಲಸವೇ ಅದು. ಅವನು ಚಾಚಿದ. ಚಾಚಿದವನು ಅವನೇ, ಅವನ ಪರವಾಗಿ ಬೇರೆ ಯಾರೂ ಚಾಚಲಿಲ್ಲ. ಆದರೆ ಚಾಚುವ ಶಕ್ತಿ ಬಂದದ್ದು ಆ ಮಾತಿನಿಂದ. ಇದರಲ್ಲಿ ಅವನ ಪಾಲೆಷ್ಟು, ಯೇಸುವಿನ ಪಾಲೆಷ್ಟು ಎಂದು ಶೇಕಡಾ ಹಾಕಲು ಹೋದರೆ ನಡೆದದ್ದೇ ಕೈತಪ್ಪಿಹೋಗುತ್ತದೆ.

ಸಭೆಗಳು ಬೇರೆಯಾಗುವುದು ಇಲ್ಲಿಂದ ಮುಂದೆ. ಚಾಚದೆ ಇರುವ ಸಾಧ್ಯತೆ ಅವನಿಗಿತ್ತೇ? ಇತ್ತು, ಕೃಪೆಯನ್ನು ನಿರಾಕರಿಸಬಹುದು ಎನ್ನುತ್ತದೆ ಟ್ರೆಂಟ್. ತಿರುಗುವುದು ಪೂರ್ತಿ ದೇವರ ಕೆಲಸ, ತಿರಸ್ಕರಿಸುವುದು ಮಾತ್ರ ಮನುಷ್ಯನ ಕೆಲಸ ಎನ್ನುತ್ತಾರೆ ಲೂಥರನ್ನರು. ತರ್ಕಕ್ಕೆ ಇದು ಕುಂಟುತ್ತದೆ ಎಂದು ಅವರಿಗೂ ಗೊತ್ತು, ಎರಡನ್ನೂ ಬೈಬಲ್ ಹೇಳುತ್ತದೆ ಎಂದು ಅಲ್ಲೇ ನಿಲ್ಲುತ್ತಾರೆ. ದೇವರು ಆರಿಸಿದವನಲ್ಲಿ ಕೃಪೆ ಸೋಲುವುದಿಲ್ಲ ಎಂದು ಕ್ಯಾಲ್ವಿನನ ಜಾಡಿನ ರಿಫಾರ್ಮ್ಡ್ ಸಭೆಗಳು 1618-19ರಲ್ಲಿ ಡಾರ್ಟಿನಲ್ಲಿ ಸೇರಿದ ಸಭೆ ಹೇಳಿತು. ಅದು 1610ರಲ್ಲಿ ಡಚ್ ದೇವಶಾಸ್ತ್ರಜ್ಞ ಅರ್ಮಿನಿಯಸನ ಅನುಯಾಯಿಗಳು ಮುಂದಿಟ್ಟ ಐದು ಅಂಶಗಳಿಗೆ ಕೊಟ್ಟ ಉತ್ತರ. ನಾವು ತಿರುಗುವ ಮುಂಚೆಯೇ ಬರುವ ‘ಮುಂಚೂಣಿಯ ಕೃಪೆ’ ಎಲ್ಲರ ಇಚ್ಛೆಯನ್ನೂ ಅಷ್ಟರಮಟ್ಟಿಗೆ ಬಿಡಿಸಿದೆ, ಆದ್ದರಿಂದ ಎಲ್ಲರೂ ಉತ್ತರ ಕೊಡಬಲ್ಲರು ಎಂದ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅಗಸ್ಟೀನನ ಜಾಡು ಹಿಡಿಯಲೇ ಇಲ್ಲ. ಅವರಿಗೆ ಇದು ದೇವರು ಮನುಷ್ಯ ಕೂಡಿ ನಡೆಯುವ ಸಹಕಾರ.

ನಿಮ್ಮ ಸಿಎಸ್‌ಐಯಲ್ಲಿ ಒಂದು ಭಾನುವಾರ ಒಂದು ಬಗೆಯ ಪ್ರಸಂಗ, ಇನ್ನೊಂದು ಭಾನುವಾರ ಇನ್ನೊಂದು ಬಗೆಯದು ಕೇಳಿದ್ದರೆ ಆಶ್ಚರ್ಯಪಡಬೇಡಿ. 1947ರ ಸೆಪ್ಟೆಂಬರ್ 27ರಂದು ಆ ಸಭೆ ಹುಟ್ಟಿದ್ದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ. ಅಂದರೆ ವೆಸ್ಲಿಯ ಮಕ್ಕಳೂ ಕ್ಯಾಲ್ವಿನನ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಧಾರವಾಡದ ಕಡೆ ಇದರ ಮೇಲೆ ಬಾಸೆಲ್ ಮಿಷನ್ನಿನ ಬಣ್ಣವೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನವರಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಸಭೆಯವರೂ ಇದ್ದರು. ನಡತೆ ಬದಲಾಗದ ನಂಬಿಕೆಯನ್ನು ಅವರು ನಂಬಿಕೆಯೆಂದೇ ಎಣಿಸುತ್ತಿರಲಿಲ್ಲ.

ಕಥೋಲಿಕ ಧರ್ಮಸಭೆಯಲ್ಲೂ ಈ ವಿಷಯದಲ್ಲಿ ಒಂದೇ ದನಿಯಿಲ್ಲ. 1588ರಲ್ಲಿ ಜೆಸ್ವಿಟ್ ಪಾದ್ರಿ ಮೊಲಿನ ಬರೆದ ಗ್ರಂಥದಿಂದ ಡೊಮಿನಿಕನ್, ಜೆಸ್ವಿಟ್ ಎಂಬ ಎರಡು ಗುರುಸಂಘಗಳ ನಡುವೆ ದೊಡ್ಡ ವಾದ ಎದ್ದಿತು. ಕೃಪೆ ತನ್ನ ಬಲದಿಂದಲೇ ಫಲಿಸುತ್ತದೆಯೇ, ಇಲ್ಲವೇ ಮನುಷ್ಯ ಏನು ಆರಿಸುತ್ತಾನೆಂದು ದೇವರು ಮೊದಲೇ ಬಲ್ಲನಾದ್ದರಿಂದ ಫಲಿಸುತ್ತದೆಯೇ ಎಂಬುದು ಪ್ರಶ್ನೆ. 1607ರಲ್ಲಿ ಐದನೆಯ ಪೌಲ್ ಪೋಪ್ ಯಾರನ್ನೂ ತಪ್ಪೆನ್ನದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಬೇಡಿ ಎಂದು ಮುಗಿಸಿದರು. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆಯವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳನ್ನು ಬಲ್ಲ ಕನ್ನಡಿಗರಿಗೆ ಇದರ ಹೋಲಿಕೆ ಹೊಳೆಯುತ್ತದೆ. ಮಂಗನ ಮರಿ ತಾಯಿಯನ್ನು ತಬ್ಬಿ ಹಿಡಿಯುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಹೋಲಿಕೆ ನಿಜ, ಆದರೆ ಅಲ್ಲಿನ ಕರ್ಮ, ಪುನರ್ಜನ್ಮಗಳ ಹಿನ್ನೆಲೆ ಇಲ್ಲಿಲ್ಲ. ಎರಡನ್ನೂ ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ.

ಟ್ರೆಂಟಿಗೂ ಆಗ್ಸ್‌ಬರ್ಗಿಗೂ ನಿಜವಾಗಿ ಉಳಿಯುವ ವ್ಯತ್ಯಾಸ ಎಲ್ಲಿದೆ? ನೀತಿವಂತನೆಂದು ಎಣಿಸುವುದು ಮತ್ತು ನೀತಿವಂತನನ್ನಾಗಿ ಮಾಡುವುದು ಒಂದೇ ಕೆಲಸದ ಎರಡು ಮುಖ ಎಂದು ಟ್ರೆಂಟ್ ಹೇಳುತ್ತದೆ. ಪ್ರಾಟೆಸ್ಟೆಂಟರು ಎರಡನ್ನೂ ಒಪ್ಪುತ್ತಾರೆ, ಆದರೆ ಬೆರೆಸಬೇಡಿ ಎನ್ನುತ್ತಾರೆ. ಬೆರೆಸಿದರೆ ನಾನು ಎಷ್ಟು ಬದಲಾದೆ ಎಂಬುದರ ಮೇಲೆ ನನ್ನ ಭರವಸೆ ನಿಲ್ಲಬೇಕಾಗುತ್ತದೆ ಎಂಬುದು ಅವರ ಭಯ. ಬೇರೆ ಮಾಡಿದರೆ ಬದಲಾವಣೆಯೇ ಬೇಡವೆನ್ನುವವರು ಹುಟ್ಟುತ್ತಾರೆ ಎಂಬುದು ಕಥೋಲಿಕರ ಭಯ. ಎರಡು ಭಯಗಳಿಗೂ ಕಾರಣವಿದೆ. ಕೃಪೆಯಲ್ಲಿರುವವನ ಸತ್ಕಾರ್ಯಕ್ಕೆ ಪ್ರತಿಫಲದ ಯೋಗ್ಯತೆಯಿದೆ ಎಂದು ಟ್ರೆಂಟ್ ಹೇಳುವುದನ್ನು ಪ್ರಾಟೆಸ್ಟೆಂಟರು ಈಗಲೂ ಒಪ್ಪುವುದಿಲ್ಲ. ಕಥೋಲಿಕರು ಅದಕ್ಕೆ ಅಗಸ್ಟೀನನ ಮಾತಿನಿಂದ ಉತ್ತರಿಸುತ್ತಾರೆ: ನಮ್ಮ ಯೋಗ್ಯತೆಗಳಿಗೆ ಕಿರೀಟವಿಡುವಾಗ ದೇವರು ಕಿರೀಟವಿಡುವುದು ತನ್ನದೇ ವರಗಳಿಗೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಧರ್ಮಸಭೆ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿ ನಂಬಿಕೆಯಿಟ್ಟು ನಾವು ದೇವರಿಗೆ ಸ್ವೀಕೃತರಾಗುತ್ತೇವೆ, ಪವಿತ್ರಾತ್ಮನು ನಮ್ಮನ್ನು ಸತ್ಕ್ರಿಯೆಗಳಿಗೆ ಸಜ್ಜುಗೊಳಿಸುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಸೇರಿಕೊಂಡವು. ಎಲ್ಲ ಲೂಥರನ್ನರೂ ಒಪ್ಪಿಲ್ಲ. ಆದರೂ ನಿಮ್ಮ ಮನೆಯ ಊಟದ ಮೇಜಿನ ಮಟ್ಟಿಗೆ ಇದು ಸಾಕಷ್ಟು ಗಟ್ಟಿ ನೆಲ.

ನಿಮ್ಮ ತಮ್ಮನ ಮಾತಿಗೆ ಬರೋಣ. ದೇವರು ಆರಿಸಿಕೊಂಡಿದ್ದಾನೆ ಎಂಬುದು ಬೈಬಲಿನ ಮಾತೇ (ಎಫೆಸ 1:4-5), ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಹಣೆಬರಹವಲ್ಲ. ಹಣೆಬರಹದಲ್ಲಿ ಬರೆದವನು ದೂರ ಉಳಿಯುತ್ತಾನೆ. ಇಲ್ಲಿ ಆರಿಸಿದ್ದು ‘ಕ್ರಿಸ್ತನಲ್ಲಿ’, ಮಕ್ಕಳನ್ನಾಗಿ ಮಾಡಿಕೊಳ್ಳುವುದಕ್ಕೆ. ‘ನಾನು ಆರಿಸಲ್ಪಟ್ಟವನೇ?’ ಎಂದು ತನ್ನೊಳಗೆ ಅಗೆಯಬೇಡ, ಆಯ್ಕೆಯನ್ನು ಕಾಣಬೇಕಾದ ಕನ್ನಡಿ ಕ್ರಿಸ್ತನೇ ಎಂದು ಕ್ಯಾಲ್ವಿನನೇ ಎಚ್ಚರಿಸಿದ್ದಾನೆ. ‘ಎಲ್ಲ ತೀರ್ಮಾನವಾಗಿದ್ದರೆ ನಾವು ಮಾಡುವುದೇನು?’ ಎನ್ನುವವರಿಗೆ ಕೃತ್ಯಗಳು 27 ಓದಿಸಬೇಕು. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಒಬ್ಬರ ಪ್ರಾಣವೂ ಹೋಗುವುದಿಲ್ಲ ಎಂದು ದೇವರಿಂದ ಮಾತು ಬಂದಾಗಿದೆ (22-24). ಆದರೂ ನಾವಿಕರು ಸಣ್ಣ ದೋಣಿಯಲ್ಲಿ ಜಾರಿಕೊಳ್ಳಲು ನೋಡಿದಾಗ ಪೌಲ, ಇವರು ಹಡಗಿನಲ್ಲಿ ನಿಲ್ಲದಿದ್ದರೆ ನೀವು ಉಳಿಯಲಾರಿರಿ ಎನ್ನುತ್ತಾನೆ (31). ವಾಗ್ದಾನವೂ ನಿಜ, ‘ನಿಲ್ಲದಿದ್ದರೆ’ ಎಂಬುದೂ ನಿಜ. ಸಿಪಾಯಿಗಳು ದೋಣಿಯ ಹಗ್ಗ ಕಡಿದದ್ದು ವಾಗ್ದಾನ ನೆರವೇರಿದ ದಾರಿಯ ಒಂದು ಭಾಗವೇ ಆಯಿತು.

ಎಲ್ಲ ಸಭೆಗಳಲ್ಲೂ ಹೆಚ್ಚಾಗಿ ಆಗುವ ತಪ್ಪುಗಳನ್ನೂ ಹೇಳಿಬಿಡಬೇಕು. ಅತಿ ಕ್ರೂರವಾದದ್ದು ನಂಬಿಕೆಯನ್ನೇ ಒಂದು ಕ್ರಿಯೆಯನ್ನಾಗಿ ಮಾಡುವುದು. ಕಾಯಿಲೆ ವಾಸಿಯಾಗದವರಿಗೆ ‘ನಿನ್ನ ನಂಬಿಕೆ ಸಾಲದು’ ಎನ್ನುವವರು ಕೃಪೆಯ ಹೆಸರಿನಲ್ಲಿ ಹೊಸ ನೇಮನಿಷ್ಠೆ ಹೇರುತ್ತಾರೆ. ನಂಬಿಕೆ ಬೇಡುವವನ ಕೈ. ಕೈಯ ಬಲ ಅಳೆದು ಯಾರೂ ಭಿಕ್ಷೆ ಹಾಕುವುದಿಲ್ಲ. ಎರಡನೆಯದು ಕೂಟದಲ್ಲಿ ಕೈ ಎತ್ತಿದ ದಿನವೇ ಎಲ್ಲ ಮುಗಿಯಿತು ಎನ್ನುವುದು. ಪೌಲ ರಕ್ಷಣೆಯನ್ನು ಆಗಿಹೋದದ್ದು ಎಂದೂ (ಎಫೆಸ 2:8), ಆಗುತ್ತಿರುವುದು ಎಂದೂ (1 ಕೊರಿಂಥ 1:18), ಆಗಬೇಕಾದದ್ದು ಎಂದೂ (ರೋಮ 5:9) ಮೂರು ಕಾಲಗಳಲ್ಲಿ ಹೇಳುತ್ತಾನೆ. ಒಂದು ಕಾಲವನ್ನೇ ಹಿಡಿದವರಿಗೆ ಉಳಿದೆರಡು ಕಾಣುವುದಿಲ್ಲ. ಮೂರನೆಯದು ಲೆಕ್ಕದ ಪುಸ್ತಕ. ಮತ್ತಾಯ 25ರ ತೀರ್ಪಿನಲ್ಲಿ ಬಲಗಡೆ ನಿಂತವರು ‘ನೀನು ಹಸಿದದ್ದನ್ನು ನಾವು ಯಾವಾಗ ಕಂಡೆವು?’ ಎಂದು ಕೇಳುತ್ತಾರೆ. ಅವರು ಲೆಕ್ಕ ಇಟ್ಟಿರಲೇ ಇಲ್ಲ. ಲೆಕ್ಕ ಇಟ್ಟವರು ಮತ್ತಾಯ 7:22ರಲ್ಲಿದ್ದಾರೆ, ಪ್ರವಾದನೆ, ಅದ್ಭುತ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸುತ್ತಾರೆ. ಅವರಿಗೆ ಸಿಗುವ ಉತ್ತರ ‘ನಾನೆಂದೂ ನಿಮ್ಮ ಗುರುತರಿಯೆನು’.

ಈಗ ನಿಮ್ಮ ಅತ್ತೆಯವರ ಹಾಸಿಗೆಯ ಬಳಿ. ಒಳ್ಳೆಯ ಮನಸ್ಸಿನಿಂದಲೇ ಮಾಡಬಹುದಾದ ಒಂದು ತಪ್ಪಿದೆ: ‘ಅತ್ತೆ, ನೀವು ಎಷ್ಟೊಂದು ಮಾಡಿದ್ದೀರಿ’ ಎಂದು ಅವರ ಸತ್ಕಾರ್ಯಗಳನ್ನು ಎಣಿಸಿ ತೋರಿಸುವುದು. ಆ ಕ್ಷಣಕ್ಕೆ ಹಿತವೆನಿಸುತ್ತದೆ, ಆದರೆ ಅವರನ್ನು ಅದೇ ತಕ್ಕಡಿಯ ಮುಂದೆ ಕೂರಿಸುತ್ತದೆ. ರಾತ್ರಿ ನಿದ್ದೆ ಬಾರದಾಗ ಇನ್ನೊಂದು ತಟ್ಟೆಯಲ್ಲಿರುವುದು ನೆನಪಾಗುತ್ತದೆ. ‘ನಂಬಿಕೆಯೊಂದೇ ಸಾಕು’ ಎಂಬ ವಾದವನ್ನೂ ಅಲ್ಲಿಗೆ ಒಯ್ಯಬೇಡಿ. ಅವರ ಧರ್ಮಸಭೆಯ ಮಾತುಗಳಲ್ಲೇ ಸಾಂತ್ವನ ತುಂಬಿದೆ. ಗುರುಗಳನ್ನು ಕರೆಸಿ. ಪಾಪನಿವೇದನೆ, ರೋಗಿಗಳ ಅಭ್ಯಂಗ, ಪರಮಪ್ರಸಾದ ಇವು ಅವರಿಗೆ ಸಿಗಲಿ, ಕೊನೆಯ ಗಳಿಗೆಗೆಂದು ಮುಂದೂಡಬೇಡಿ. ಕ್ಷಮೆ ಪಡೆದ ಪಾಪವನ್ನೇ ಮತ್ತೆ ಮತ್ತೆ ಹೇಳಿಕೊಳ್ಳಬೇಕೆನ್ನುವ ಕಾಟವಿದ್ದರೆ ಒಬ್ಬರೇ ಗುರುಗಳ ಬಳಿ ಹೇಳಿ, ಅವರು ‘ಸಾಕು’ ಎಂದಾಗ ನಿಲ್ಲಿಸುವುದು ಹಳೆಯ, ಅನುಭವಸಿದ್ಧ ಸಲಹೆ. ಆದರೂ ಭಯ ನಿದ್ದೆ, ಊಟ ಕೆಡಿಸುತ್ತಿದ್ದರೆ ವೈದ್ಯರಿಗೂ ತಿಳಿಸಿ.

ದಿನಕ್ಕೆ ಐದು ನಿಮಿಷ ಮೀರದಂತೆ ಒಂದೊಂದು ಭಾಗ ಓದಿ: ಲೂಕ 18:9-14ರ ಸುಂಕದವನು, ಲೂಕ 23:39-43ರ ಕಳ್ಳ, ರೋಮ 8:31-39, ಫಿಲಿಪ್ಪಿ 1:6. ಅವರಿಗೆ ಸಂತರ ಮೇಲೆ ಭಕ್ತಿಯಿದ್ದರೆ ಲಿಸ್ಯೂವಿನ ಚಿಕ್ಕ ತೆರೇಸಾಳ ಪ್ರಾರ್ಥನೆ ತಿಳಿಸಿ. 1895ರಲ್ಲಿ, ಸಾವಿಗೆ ಎರಡು ವರ್ಷ ಮುಂಚೆ ಅವಳು ಬರೆದದ್ದು: ಈ ಬಾಳಿನ ಸಂಜೆಯಲ್ಲಿ ಬರಿಗೈಯಲ್ಲಿ ನಿನ್ನ ಮುಂದೆ ನಿಲ್ಲುವೆನು, ನನ್ನ ಕೆಲಸಗಳನ್ನು ಎಣಿಸು ಎಂದು ಕೇಳುವುದಿಲ್ಲ. ಕಥೋಲಿಕ ಧರ್ಮೋಪದೇಶದ ಗ್ರಂಥವೇ ಇದನ್ನು ಉಲ್ಲೇಖಿಸುತ್ತದೆ, ಅದೂ ಯೋಗ್ಯತೆಯ ಬಗ್ಗೆ ಹೇಳುವ ಭಾಗದಲ್ಲೇ. 1546ರಲ್ಲಿ ಲೂಥರ್ ಸತ್ತಾಗ ಸಿಕ್ಕ ಅವನ ಕೊನೆಯ ಚೀಟಿಯಲ್ಲಿ ಇದ್ದದ್ದೂ ಇದೇ: ನಾವು ಭಿಕ್ಷುಕರು, ಇದು ನಿಜ. ಈ ಎರಡನೆಯದನ್ನು ನೀವು ಇಟ್ಟುಕೊಳ್ಳಿ, ಮೊದಲನೆಯದನ್ನು ಅವರಿಗೆ ಕೊಡಿ.

‘ಹಾಗಾದರೆ ನಾನು ಮಾಡಿದ್ದೆಲ್ಲ ವ್ಯರ್ಥವೇ?’ ಎಂದು ಅವರು ಕೇಳಬಹುದು. ಪ್ರಕಟನೆ 14:13 ಓದಿ. ಕರ್ತನಲ್ಲಿ ಸಾಯುವವರ ಕೃತ್ಯಗಳು ಅವರ ಹಿಂದೆ ಬರುತ್ತವೆ ಎಂದಿದೆ ಅಲ್ಲಿ. ಮುಂದೆ ಹೋಗಿ ಬಾಗಿಲು ತೆಗೆಸುವುದಿಲ್ಲ. ಬಾಗಿಲು ತೆಗೆಯುವವನು ಬೇರೆ. ಆದರೆ ಅವರು ಬೇಯಿಸಿ ಹಾಕಿದ ಒಂದು ತುತ್ತೂ ಕಳೆದುಹೋಗುವುದಿಲ್ಲ, ಹಿಂದೆಯೇ ಬರುತ್ತದೆ.

ನಾಳೆ ‘ಸಾಕಾಗುತ್ತೇನಮ್ಮಾ?’ ಎಂದು ಕೇಳಿದಾಗ ಅವರ ಕೈ ಹಿಡಿದುಕೊಂಡು ‘ಯೇಸು ಮಾಡಿದ್ದು ಸಾಕಾಗಿದೆ ಅತ್ತೆ’ ಎನ್ನಿ, ವಿವರಿಸಲು ಹೋಗಬೇಡಿ. ಆಮೇಲೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಇಬ್ಬರೂ ಒಟ್ಟಿಗೆ ಹೇಳಿ. ನೀವು ಕಲಿತ ಪಾಠಕ್ಕೂ ಅವರು ಕಲಿತ ಪಾಠಕ್ಕೂ ಅಲ್ಲಲ್ಲಿ ಮಾತು ಬೇರೆಯಾಗುತ್ತದೆ. ಅಂಥ ಕಡೆ ಅವರ ಮಾತುಗಳಲ್ಲೇ ಹೇಳಿ.